ಗಟ್ಟಿ ನೆಲದ ಕೋಲು

ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಇರಕೂಡದು ಎಂಬ ಕಾನೂನು ವಿಲಾಯತಿಯಿಂದ ಬಂದ ಬೇಸಿಗೆ ಅದು. ಎರಡನೆಯ ಮಹಾಯುದ್ಧ ಇನ್ನೂ ಸುರುವಾಗಿರಲಿಲ್ಲ. ಧುಪದಾಳದ ಬಂಗಲೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿಸಿ, ಕಾಲುವೆ ಖಾತೆಯ ಇಂಗ್ಲಿಷ್ ಸಾಹೇಬರು ತಮ್ಮ ಗಾಲ್ಫ್ ಚೀಲವನ್ನು ನನ್ನಿಂದ ಬೋರಲು ಮಾಡಿಸಿದರು. ಹದಿನೇಳು ಕೋಲುಗಳು ಖಣಖಣ ಉರುಳಿದವು.

“ಮೂರು ಹೊರಗ ಹೋಗಬೇಕು,” ಅಂದರು ಸಾಹೇಬರು. “ಯಾವ ಮೂರು?”

ಅವರು ನಮ್ಮ ಕಡೆ ಬಂದು ಬಹಳ ವರ್ಷವಾಗಿತ್ತು. ಕಾಲುವೆಯ ಮಣ್ಣು ಹೊರುವವರ ಜೊತೆ ಮಾತಾಡುತ್ತಲೇ ಕನ್ನಡ ಕಲಿತವರು. ಮಾತು ಒರಟು, ಆದರೆ ನಮಗೆ ಪೂರ್ತಿ ತಿಳಿಯುವಂಥದ್ದು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಸುಳ್ಳು ಹೇಳಿದ್ದನ್ನು ಮಾತ್ರ ನಾನು ಕೇಳಿರಲಿಲ್ಲ.

ನಾನು ಅವರ ಚೀಲ ಹೊರುವವನು. ಊರು ಕೊಣ್ಣೂರ. ಮೊದಲು ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದೆ. ಎದೆಯಲ್ಲಿ ಅರಳೆಯ ಧೂಳು ಕೂತು ಉಬ್ಬಸ ಹತ್ತಿತು. ಬಯಲಿನ ಕೆಲಸ ನೋಡಿಕೋ ಎಂದು ಡಾಕ್ಟರು ಹೇಳಿದರು. ಕೊಣ್ಣೂರಿಗೂ ಧುಪದಾಳಕ್ಕೂ ನಡುವೆ ಏನೂ ಬೆಳೆಯದ ಒಂದು ಮಡ್ಡಿ ಇತ್ತು. ಸುತ್ತಲಿನ ನಾಲ್ಕಾರು ಸಾಹೇಬರು ಸೇರಿ ಕ್ಲಬ್ಬು ಕಟ್ಟಿ ಅಲ್ಲಿ ಗಾಲ್ಫ್ ಬಯಲು ಮಾಡಿಕೊಂಡಿದ್ದರು. ದೂರದಲ್ಲಿ ನೆಲಕ್ಕೆ ಒಂದು ಕುಣಿ, ಕುಣಿಯ ಬಾಜೂಕ್ಕೆ ಒಂದು ನಿಶಾನೆ. ಚಿಕ್ಕ ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು ಹೊಡೆದು ಆ ಕುಣಿಗೆ ಬೀಳಿಸಬೇಕು. ಇಂಥ ಕುಣಿ ಸಾಲಾಗಿ ಹಲವು; ಕಡಿಮೆ ಹೊಡೆತದಲ್ಲಿ ಬೀಳಿಸಿದವನು ಆ ಕುಣಿ ಗೆದ್ದ. ಒಂದೊಂದು ದೂರಕ್ಕೆ, ಒಂದೊಂದು ಥರದ ನೆಲಕ್ಕೆ ಬೇರೆ ಬೇರೆ ಕೋಲು. ಅವನ್ನೆಲ್ಲ ಹೊತ್ತು ಸಾಹೇಬರ ಹಿಂದೆ ನಡೆಯುವುದು, ಕೇಳಿದ ಕೋಲನ್ನು ತೆಗೆದುಕೊಡುವುದು, ಮಣ್ಣು ಒರೆಸಿ ಮತ್ತೆ ಒಳಗಿಡುವುದು ನನ್ನ ಕೆಲಸ.

ಮೊದಲ ಕೋಲು ಸುಲಭವಾಗಿ ಹೊರಗೆ ಹೋಯಿತು. ಮುಖ ಸೊಟ್ಟಗಾದ ಹಳೆಯ ಕಬ್ಬಿಣದ್ದು ಅದು. ಇನ್ನೆರಡಕ್ಕೆ ಬಂದಾಗ ಸಾಹೇಬರು ನಿಂತುಬಿಟ್ಟರು. ಜಮಖಾನೆಯ ಒಂದು ಮೂಲೆಯಲ್ಲಿ ಮೂರು ವೆಜ್‌ಗಳಿದ್ದವು. ಹತ್ತಿರದ ಹೊಡೆತಕ್ಕೆ, ಚೆಂಡನ್ನು ಎತ್ತರಕ್ಕೆ ಎಬ್ಬಿಸಿ ಮೆತ್ತಗೆ ಇಳಿಸುವುದಕ್ಕೆ ಇರುವ ಕೋಲುಗಳು. ಒಂದು ತೆಳು ಅಲಗಿನದು. ಕಳೆ ತೆಗೆಯುವ ಕುರ್ಚಿಗಿಯ ಹಾಗೆ ಹರಿತ. ಇನ್ನೊಂದು ಹೊಸದು, ದಪ್ಪ ತಳದ್ದು. ಚೆಂಡಿಗೆ ಅಡ್ಡಿಯಾಗಲೆಂದು ದಾರಿಯಲ್ಲಿ ತೋಡಿದ ಉಸುಕಿನ ಕುಣಿಯಿಂದ ಅದನ್ನು ತೆಗೆಯಲೆಂದೇ ಮಾಡಿದ್ದು. ಮೂರನೆಯದು ಕಟ್ಟಿಗೆಯ ಹಿಡಿಯ ಹಳೆಯದು. ಅದರ ಹಿಡಿ ಸೀಳಿ, ಗೋಕಾವಿಯ ಬಡಿಗೇರನ ಹತ್ತಿರ ಬೆಸೆಸಿ, ಮೇಲೆ ನಾನೇ ಮೇಣ ತಿಕ್ಕಿದ ನೂಲು ಸುತ್ತಿದ್ದೆ.

“ಉದ್ದನ್ನ ಕಟ್ಟಿಗೀದು ಎರಡ ಅದಾವಲ್ರಿ,” ಅಂದೆ. “ಅದರಾಗ ಒಂದ ಬಿಟ್ಟರ ವೆಜ್ ಎರಡ ಇಟ್ಕೋಬಹುದು.”

“ಅದು ಬಿಡೂದಿಲ್ಲ,” ಅಂದರು. “ಅದು ಎಷ್ಟು ದೂರ ಹೋಗತೈತಿ ನೀ ನೋಡೀ ಇಲ್ಲೋ? ವೆಜ್ ಒಂದ ಇರಲಿ.”

ಒಂದೇ ವೆಜ್ ಎಂದು ಗೊತ್ತಾದ ಮೇಲೆ ಯಾವುದು ಎಂಬ ಪ್ರಶ್ನೆ. ಮುಂದೆ ಬೆಳಗಾವಿಯ ದಂಡಿನ ಸಾಹೇಬರ ಜೊತೆ ಪಂದ್ಯವಿತ್ತು. ಮೊದಲರ್ಧ ಆ ವಾರ, ಉಳಿದರ್ಧ ಕೆಲವು ವಾರ ಬಿಟ್ಟು. ನಮ್ಮ ಸಾಹೇಬರು ಹಿಂದಿನ ಸಲ ಉಸುಕಿನ ಕುಣಿಯಲ್ಲಿ ಸಿಕ್ಕಿಕೊಂಡು ಎಲ್ಲರ ಎದುರು ಸೋತಿದ್ದರು.

ಮರುದಿನ ಮುಂಜಾನೆ ಮಡ್ಡಿಗೆ ಹೋಗಿ ಮೂರನ್ನೂ ಪರೀಕ್ಷೆ ಮಾಡಿದೆವು. ಘಟಪ್ರಭೆಯಿಂದ ಗಾಡಿಯಲ್ಲಿ ತರಿಸಿ ತುಂಬಿದ ನುಣ್ಣನೆಯ ಉಸುಕು ಆ ಕುಣಿಗಳಲ್ಲಿತ್ತು. ತೆಳು ಅಲಗಿನದು ಉಸುಕಿನಲ್ಲಿ ಗುದ್ದಲಿಯ ಹಾಗೆ ನಾಟಿ ನಿಂತಿತು. ಚೆಂಡು ಅಲ್ಲೇ ಉಳಿಯಿತು. ದಪ್ಪ ತಳದ್ದು ಉಸುಕಿನ ಮೇಲೆ ಜಾರಿ, ಒಂದು ಬೊಗಸೆ ಉಸುಕಿನ ಜೊತೆ ಚೆಂಡನ್ನೂ ಎತ್ತಿ ಆಚೆ ಹಾಕಿತು. ಸಾಹೇಬರು ನಕ್ಕರು. ಅವರು ನಗುವುದು ಅಪರೂಪ.

ಆಮೇಲೆ ಗಟ್ಟಿ ನೆಲಕ್ಕೆ ಬಂದೆವು. ನಮ್ಮ ಮಡ್ಡಿಯ ನೆಲ ಬೇಸಿಗೆಯಲ್ಲಿ ಕುಲುಮೆಯ ಅಡಿಗಲ್ಲಿನ ಹಾಗಿರುತ್ತದೆ. ತೆಳು ಅಲಗು ನೆಲ ಸವರಿ ಚೆಂಡಿನ ಬುಡಕ್ಕೆ ಹೋಗಿ ಅದನ್ನು ಮೇಲಕ್ಕೆ ಎಬ್ಬಿಸಿತು. ದಪ್ಪ ತಳದ್ದನ್ನು ಬೀಸಿದಾಗ ಕೋಲು ನೆಲಕ್ಕೆ ಬಡಿದು ಪುಟಿಯಿತು. ಅದರ ಅಂಚು ಚೆಂಡಿನ ನಡುವಿಗೆ ತಾಗಿತು. ಚೆಂಡು ಮೇಲೆ ಏಳಲೇ ಇಲ್ಲ. ಕವಣೆಯ ಕಲ್ಲಿನ ಹಾಗೆ ಎದೆಮಟ್ಟದಲ್ಲಿ ಹಾರಿ ಎಲ್ಲೋ ಹೋಯಿತು.

ಸಾಹೇಬರು ಕೋಲನ್ನು ತಲೆಕೆಳಗು ಮಾಡಿ ನನ್ನ ಮುಂದೆ ಹಿಡಿದರು. “ಇದರ ಹೊಟ್ಟಿ ನೋಡು. ಅಲಗಿಗಿಂತ ಹೊಟ್ಟಿ ಕೆಳಗ ಐತಿ. ಉಸುಕಿನ್ಯಾಗ ಅದು ತೇಲತೈತಿ. ಗಟ್ಟಿ ನೆಲದ ಮ್ಯಾಲೆ ಪುಟೀತೈತಿ. ಹಂಗಾಗಿ ಉಸುಕಿನ ಹೊರಗ ಇದನ್ನ ಮುಟ್ಟಬಾರದು.”

ಈ ವಿದ್ಯೆ ನನಗೆ ಅವರೇ ಹೇಳಿಕೊಟ್ಟದ್ದು. ಕಟ್ಟಿಗೆಯ ಹಿಡಿಯದು ಎರಡೂ ಕಡೆ ಹೇಗೋ ನಡೆಯುತ್ತಿತ್ತು. ಆದರೆ ನಾಲ್ಕು ಸಲ ಬೀಸುವಷ್ಟರಲ್ಲಿ ನಾನು ಸುತ್ತಿದ ನೂಲು ಸಡಿಲಾಗಿ ಒಳಗಿನ ಸೀಳು ಕಿರ್ರೆಂದಿತು. ಕೊನೆಗೆ ದಪ್ಪ ತಳದ್ದೇ ಚೀಲ ಸೇರಿತು. ಗಟ್ಟಿ ನೆಲಕ್ಕೆ ಮ್ಯಾಶಿ ಎಂಬ ಇನ್ನೊಂದು ಕೋಲಿನಿಂದ ಚೆಂಡನ್ನು ತಗ್ಗಿನಲ್ಲೇ ಉರುಳಿಸಿಕೊಂಡು ಹೋಗುವುದು ಎಂದು ಮಾತಾಯಿತು.

ಇಲ್ಲಿ ನನ್ನ ಅಕ್ಕನ ಗಂಡನ ಮಾತು ಹೇಳಬೇಕು. ನಾನು ಅವನನ್ನು ಮಾಮಾ ಎಂದೇ ಕರೆಯುತ್ತಿದ್ದೆ. ಮೂಡಲಗಿಯವನು. ಹರೆಯದಲ್ಲಿ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಹಕ್ಕಿ ಕಾದವನು. ಎಷ್ಟು ದೂರದ ಹಕ್ಕಿಯನ್ನೂ ಅದು ಗಿಣಿಯೋ ಗುಬ್ಬಿಯೋ ಎಂದು ಹೇಳುತ್ತಿದ್ದ. ನಾನೇ ಅವನನ್ನು ಈ ಬಯಲಿಗೆ ಕರೆತಂದು ಮುಂದಾಳಿನ ಕೆಲಸಕ್ಕೆ ಹಚ್ಚಿದ್ದೆ; ಅವನೂ ಅಕ್ಕನೂ ಕೊಣ್ಣೂರಲ್ಲಿ ನಮ್ಮ ಮನೆಯಲ್ಲೇ ಇದ್ದರು. ಮುಂದಾಳು ಎಂದರೆ ಆಟಗಾರರ ಮುಂದೆ ದೂರದಲ್ಲಿ ನಿಂತು ಚೆಂಡು ಎಲ್ಲಿ ಬಿತ್ತೆಂದು ನೋಡುವವನು. ಬರೇ ನೋಡಿದರೆ ಸಾಲದು. ಕಾಗೆ, ಹದ್ದು ಆ ಬಿಳಿ ಚೆಂಡನ್ನು ಮೊಟ್ಟೆಯೆಂದು ಎತ್ತಿಕೊಂಡು ಹಾರುತ್ತವೆ. ಅವು ಬರುವ ಮೊದಲು ಓಡಿ ಹೋಗಿ ಕಾಯಬೇಕು. ಚೆಂಡು ಸಿಕ್ಕ ಕೂಡಲೇ ಮಾಮಾ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕುತ್ತಿದ್ದ. ಒಂದೊಂದು ನಿಶಾನೆಯ ಹಿಂದೆಯೂ ಮುಂದಾಳು ನಿಲ್ಲಲೆಂದು ಸುಣ್ಣ ಬಳಿದ ಒಂದು ಕಲ್ಲು ಹೂಳಿದ್ದರು. ಅದರ ಬಾಜೂಕ್ಕೇ ನಿಲ್ಲಬೇಕೆಂಬುದು ಕ್ಲಬ್ಬಿನ ನೇಮ.

ಪಂದ್ಯದ ದಿನ ಮಧ್ಯಾಹ್ನದವರೆಗೂ ನಮ್ಮ ಸಾಹೇಬರು ಮುಂದಿದ್ದರು. ಉಸುಕಿನ ಕುಣಿಗೆ ಒಮ್ಮೆ ಬಿದ್ದಾಗ ಹೊಸ ವೆಜ್ ಒಂದೇ ಹೊಡೆತಕ್ಕೆ ಚೆಂಡನ್ನು ಹೊರಗೆ ತಂದಿತು. ದಂಡಿನ ಸಾಹೇಬನೂ ಭೇಷ್ ಅಂದ. ಹೊತ್ತು ಇಳಿದ ಮೇಲೆ ಆಟ ಕೆಟ್ಟಿತು. ನಮ್ಮವರು ಸಾಲಾಗಿ ಎರಡು ಕುಣಿ ಕಳೆದುಕೊಂಡರು. ದಂಡಿನ ಸಾಹೇಬ ಏನೋ ಇಂಗ್ಲಿಷಿನಲ್ಲಿ ಅಂದು ನಕ್ಕ. ನಮ್ಮವರ ಕತ್ತು ಕೆಂಪಾಯಿತು.

ಮುಂದಿನ ಕುಣಿಯ ಆಟದಲ್ಲಿ ಅವರ ಚೆಂಡು ಬಿದ್ದದ್ದು ಬರೇ ಗಟ್ಟಿ ನೆಲದ ಮೇಲೆ. ಎದುರಿಗೆ ಉಸುಕಿನ ಕುಣಿ, ಅದರಾಚೆ ನಿಶಾನೆ, ನಿಶಾನೆಯ ಹಿಂದೆ ಬಿಳಿ ಕಲ್ಲು. ಕಲ್ಲಿನ ಬಾಜೂಕ್ಕೆ ಮಾಮಾ ನಿಂತಿದ್ದ. ಇಳಿಬಿಸಿಲು ನಮ್ಮ ಬೆನ್ನಿಗಿತ್ತು, ಅವನ ಕಣ್ಣಿಗೆ ಹೊಡೆಯುತ್ತಿತ್ತು. ಹಣೆಗೆ ಕೈ ಅಡ್ಡ ಹಿಡಿದಿದ್ದ. ಮ್ಯಾಶಿಯಿಂದ ಉರುಳಿಸಿದರೆ ಚೆಂಡು ಉಸುಕಿಗೆ ಬೀಳುತ್ತದೆ. ಉಸುಕು ದಾಟಿಸಬೇಕೆಂದರೆ ಚೆಂಡನ್ನು ಎಬ್ಬಿಸಲೇಬೇಕು. ಎಬ್ಬಿಸುವ ಕೋಲು ನಮ್ಮ ಚೀಲದಲ್ಲಿ ಒಂದೇ ಇತ್ತು.

ಸಾಹೇಬರು ಕೈ ಚಾಚಿದರು. “ವೆಜ್.”

“ನೆಲಾ ಗಟ್ಟಿ ಐತ್ರಿ ಸಾಹೇಬ್ರ.”

“ಗೊತ್ತೈತಿ. ಕೊಡು.”

ಕೊಟ್ಟೆ.

ಕೋಲು ನೆಲಕ್ಕೆ ಬಡಿದ ಸಪ್ಪಳ ಮೊದಲು ಬಂತು. ಆಮೇಲೆ ಚೆಂಡಿಗೆ ತಾಗಿದ್ದು. ಎರಡರ ನಡುವೆ ಬೆರಳಷ್ಟು ಬಿಡುವು ಇತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಚೆಂಡು ಏಳಲಿಲ್ಲ. ಉಸುಕಿನ ಕುಣಿ ದಾಟಿ, ನಿಶಾನೆ ದಾಟಿ, ನೆಟ್ಟಗೆ ಹೋಯಿತು. ಮಾಮಾ ಕೂಗಲಿಲ್ಲ. ಹಣೆಗೆ ಹಿಡಿದ ಕೈ ಮುಖಕ್ಕೆ ಇಳಿಯಿತು. ಮೊಣಕಾಲೂರಿ ಕೂತ. ಪ್ರಾರ್ಥನೆಗೆ ಕೂತ ಹಾಗೆ ಮೆತ್ತಗೆ ಕೂತ. ಚೀಲ ಬಿಸಾಕಿ ಓಡಿದೆ. ಹತ್ತಿರ ಹೋದಾಗ ಅವನ ಬೆರಳ ಸಂದಿಯಿಂದ ರಕ್ತ ಮತ್ತು ಇನ್ನೇನೋ ತಿಳಿಯಾದ ನೀರು ಇಳಿಯುತ್ತಿತ್ತು. ಹಣೆಯ ಇಭೂತಿ ರಕ್ತದಲ್ಲಿ ಕಲಸಿಹೋಗಿತ್ತು.

“ತಮ್ಮಾ, ಚೆಂಡ ನನಗ ಕಾಣಲಿಲ್ಲೋ,” ಅಂದ. ಕೆಲಸದಲ್ಲಿ ತಪ್ಪಿದವನ ಹಾಗೆ ಅಂದ.

ಸಾಹೇಬರು ತಮ್ಮ ಮೋಟಾರನ್ನು ಮಡ್ಡಿಯ ಮೇಲೆಯೇ ತಂದರು. ಹಿಂದಿನ ಸೀಟಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಘಟಪ್ರಭಾದ ದವಾಖಾನೆ ಮುಟ್ಟುವವರೆಗೆ ಸಾಹೇಬರೇ ಮೋಟಾರು ನಡೆಸಿದರು. ತಗ್ಗು ಬಂದಲ್ಲೆಲ್ಲ ಮೋಟಾರು ನಿಧಾನ ಮಾಡುತ್ತಿದ್ದರು.

ಡಾಕ್ಟರು ನೋಡಿ ನನ್ನನ್ನೂ ಅಕ್ಕನನ್ನೂ ಹೊರಗೆ ಕರೆದರು. ಅಕ್ಕ ಕೊಣ್ಣೂರಿನಿಂದ ಸಿಕ್ಕ ಗಾಡಿ ಹತ್ತಿ ಬಂದಿದ್ದಳು. ಎಡಗಣ್ಣು ಒಡೆದಿದೆ, ಅದರಿಂದ ಇನ್ನು ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಷ್ಟಕ್ಕೇ ಮುಗಿಯಲಿಲ್ಲ. ಒಡೆದ ಕಣ್ಣನ್ನು ಹಾಗೇ ಬಿಟ್ಟರೆ ಕೆಲವರಿಗೆ ಮುಂದೆ ಒಳ್ಳೆಯ ಕಣ್ಣೂ ಕೆಡುತ್ತದೆ, ಎರಡೂ ಹೋಗುತ್ತವೆ. ಅದಕ್ಕೆ ಇದನ್ನು ಬೇಗ ತೆಗೆದುಬಿಡಬೇಕು ಎಂದರು.

ಮಾಮಾ ಒಪ್ಪಲಿಲ್ಲ. “ಕಾಣದಿದ್ದರ ಕಾಣಬ್ಯಾಡ್ರಿ. ನನ್ನ ಕಣ್ಣು ನನ್ನ ಮಾರ್‍ಯಾಗ ಇರಲಿ,” ಅಂದ. ಡಾಕ್ಟರು ಮತ್ತೆ ಮತ್ತೆ ಹೇಳಿದರು. ನಾನು ಹೇಳಿದೆ. ಅವನು ಗೋಡೆಯ ಕಡೆ ಹೊರಳಿ ಮಲಗಿದ. ಮೂಡಲಗಿಯಿಂದ ಬಂದ ಅವನ ಕಡೆಯವರು ಒಬ್ಬರು, ಕಣ್ಣು ತೆಗೆಸಿದರೆ ಮುಖ ನೋಡಲಾಗುವುದಿಲ್ಲ, ಎಲೆಮದ್ದು ಹಾಕೋಣ, ಮನೆಗೆ ನಡೆಯಿರಿ ಅಂದರು. ಗಾಡಿಯನ್ನೂ ತಂದಿದ್ದರು. ಮಾಮಾ ಎದ್ದು ಕೂತು ಧೋತರ ಸರಿಮಾಡಿಕೊಂಡ.

ಅಕ್ಕ ಬಾಗಿಲಲ್ಲಿ ನಿಂತಳು. ಅವಳು ಗಂಡನ ಎದುರು ದನಿ ಎತ್ತಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಗಲೂ ಎತ್ತಲಿಲ್ಲ.

“ಹೋಗೂಣ್ರಿ,” ಅಂದಳು. “ಆದರ ಒಂದ ಮಾತ ಹೇಳ್ರಿ. ಎರಡೂ ಹೋದ ದಿನಾ ನಿಮ್ಮ ಕೈ ಹಿಡದು ಹಿತ್ತಲಕ ಯಾರ ಕರಕೊಂಡ ಹೋಗಬೇಕು? ಎಲಿಮದ್ದು ಹಾಕಾವ್ರು ಬರ್ತಾರೇನು?”

ಎಲೆಮದ್ದಿನ ಮಾತಾಡಿದವರು ಗಾಡಿ ನೋಡಲೆಂದು ಕಿಟಕಿಗೆ ಹೋದರು.

“ನಾ ಬರ್ತೇನಿ. ದಿನಾ ಬರ್ತೇನಿ. ಆದರ ನನ್ನ ಮಾರಿ ನಿಮಗ ಕಾಣಬೇಕು ಅನ್ನೂದು ನನ್ನ ಆಶಾ.”

ಮಾಮಾ ಗಾಡಿಯ ಕಡೆ ನೋಡಿದ, ಅಕ್ಕನ ಕಡೆ ನೋಡಿದ. ಆಮೇಲೆ ಮತ್ತೆ ಮಂಚದ ಮೇಲೆ ಕಾಲು ಚಾಚಿದ. “ತಗೀರಿ ಅಂತ ಹೇಳು ಅವ್ರಿಗಿ,” ಅಂದ. ಮರುದಿನ ಕಣ್ಣು ತೆಗೆದರು. ಗಾಡಿ ಖಾಲಿಯೇ ಮೂಡಲಗಿಗೆ ಹೋಯಿತು.

ಅದಾದ ಮೇಲೆ ಕ್ಲಬ್ಬಿನ ಸೆಕ್ರೆಟರಿ ಸಾಹೇಬ ನನ್ನನ್ನು ಕರೆಸಿದ. ಅವನು ಮಾತಾಡುತ್ತಿದ್ದದ್ದು ಹಿಂದೂಸ್ತಾನಿ. ನಮ್ಮ ಸಾಹೇಬರೂ ಅಲ್ಲೇ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುಂದಾಳು ಕಲ್ಲು ಬಿಟ್ಟು ಮುಂದೆ ಬಂದು ನಿಂತಿದ್ದ, ಅಲ್ಲವೇ ಎಂದು ಸೆಕ್ರೆಟರಿ ಕೇಳಿದ. ಇಲ್ಲ, ಕಲ್ಲಿನ ಬಾಜೂಕ್ಕೇ ನಿಂತಿದ್ದ ಅಂದೆ. ಹಾಗಾದರೆ ನಡೆ, ತೋರಿಸು ಅಂದ.

ಮೂವರೂ ಬಯಲಿಗೆ ಹೋದೆವು. ನಿಶಾನೆಯ ಹಿಂದೆ ಬಿಳಿ ಕಲ್ಲು ಇತ್ತು. ಆದರೆ ಅದು ನನಗೆ ಗೊತ್ತಿದ್ದ ಜಾಗದಲ್ಲಿರಲಿಲ್ಲ. ಬಹಳ ಹಿಂದೆ, ಜಾಲಿಯ ಗಿಡದ ಹತ್ತಿರ ಇತ್ತು. ಅದರ ಬುಡದ ಮಣ್ಣು ಹಸಿಯಾಗಿತ್ತು. ಮೊದಲು ಕಲ್ಲಿದ್ದ ಕಡೆ ನೆಲ ತುಳಿದು ಸಮ ಮಾಡಿದ್ದರು. ಅಲ್ಲಿ ಒಂದು ಕಡೆ ಮಾಮಾನ ರಕ್ತ ಬಿದ್ದ ಮಣ್ಣು ಕಂದಿತ್ತು. ಎಷ್ಟು ತೊಳೆದರೂ ಹೋಗದ ಹಾಗೆ ಕಂದಿತ್ತು.

ಕಲ್ಲನ್ನು ಸರಿಸಿದ್ದಾರೆ ಎಂದು ಹೇಳಿದರೆ ನಾನು ಹೊರಗೆ. ನನ್ನ ಹಿಂದೆ ಮಾಮಾನೂ ಹೊರಗೆ. ಹೇಳದಿದ್ದರೆ ತಪ್ಪು ಜಾಗದಲ್ಲಿ ನಿಂತವನು ಎಂದು ಅವನ ಹೆಸರಿಗೆ ಅಂಟುತ್ತದೆ. ಕೈ ಎತ್ತಿ ಕಂದಿದ ಮಣ್ಣನ್ನು ತೋರಿಸಿದೆ. “ಕಲ್ಲ ಇಲ್ಲಿತ್ರಿ,” ಅಂದೆ. ಹಿಂದೂಸ್ತಾನಿ ಮರೆತು ಕನ್ನಡದಲ್ಲೇ ಅಂದೆ.

ಸೆಕ್ರೆಟರಿ ನಮ್ಮ ಸಾಹೇಬರ ಕಡೆ ತಿರುಗಿದ. ಸಾಹೇಬರು ಹೊಸ ಕಲ್ಲನ್ನು ಬೂಟಿನಿಂದ ಒಮ್ಮೆ ತಳ್ಳಿ ನೋಡಿದರು. ಅದು ಅಲುಗಾಡಿತು. ಅವರು ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಿದರು. ಸೆಕ್ರೆಟರಿ ಏನೋ ಅಂದ. ಇವರು ಅದೇ ನಾಲ್ಕು ಮಾತನ್ನು ಮತ್ತೆ ಆಡಿದರು, ಈ ಸಲ ಇನ್ನೂ ಮೆಲ್ಲಗೆ. ಆಮೇಲೆ ನನಗೆ ತಿಳಿಯಲೆಂದೇ ಕನ್ನಡದಲ್ಲಿ ಹೇಳಿದರು: “ಕಲ್ಲು ಇಲ್ಲೇ ಇತ್ತು. ಅಂವ ಇಲ್ಲೇ ನಿಂತಿದ್ದ. ಆ ಕೋಲು ನಾ ಕೇಳಿದೆ.”

ಆಮೇಲೆ ಕ್ಲಬ್ಬಿನಲ್ಲಿ ಅವರ ಜೊತೆ ಕೂತು ಚಹಾ ಕುಡಿಯುವವರು ಕಡಿಮೆಯಾದರು. ಮಾಮಾನ ಮೇಲೆ ಯಾವ ತಪ್ಪೂ ಬರಲಿಲ್ಲ. ಆದರೆ ಒಂದು ಕಣ್ಣಿನವನು ಮುಂದಾಳಾಗಿ ನಿಲ್ಲಬಾರದು ಎಂದು ಸೆಕ್ರೆಟರಿ ಖಡಾಖಂಡಿತ ಹೇಳಿಬಿಟ್ಟ.

ಮಾಮಾ ಮನೆಗೆ ಬಂದ. ಮೂಡಲಗಿಗೆ ಹೋಗಲು ಒಪ್ಪದೆ ನಮ್ಮ ಮನೆಯಲ್ಲೇ ಉಳಿದ. ಗಾಯ ಒಣಗಿದ ಮೇಲೆ ಒಂದು ದಿನ ತಾನೇ ಚಹಾ ಬಸಿಯಹೋದ. ಚಹಾ ಬಟ್ಟಲಿನ ಬಾಯಿ ತಪ್ಪಿ ನೆಲಕ್ಕೆ ಹೋಯಿತು. ಬಟ್ಟಲನ್ನು ಇನ್ನಷ್ಟು ಹತ್ತಿರ ಹಿಡಿದು ಮತ್ತೆ ಬಸಿದ. ಮತ್ತೂ ಹೊರಗೇ ಹೋಯಿತು. ಅಕ್ಕ ಒಲೆಯ ಮುಂದಿದ್ದವಳು ನೋಡಿಯೂ ನೋಡದವಳ ಹಾಗೆ ರೊಟ್ಟಿ ಬಡಿಯುತ್ತಲೇ ಇದ್ದಳು.

“ನಾ ಕೆಲಸಕ್ಕ ಬರ್ತೇನಿ,” ಅಂದ ಮಾಮಾ. “ಒಂದ ಕಣ್ಣ ಐತಲ್ಲ. ಹಕ್ಕಿ ಕಾಣತಾವು. ಸೆಕ್ರೆಟರಿಗೇನ ತಿಳೀತೈತಿ?”

ಅವನನ್ನು ಕರೆದುಕೊಂಡು ಮಡ್ಡಿಯ ಕೆಳಗಿನ ಒಣಹಳ್ಳಕ್ಕೆ ಹೋದೆ. ನಾಲ್ಕು ಹಳೆಯ ಚೆಂಡು ತಂದಿದ್ದೆ. ಒಂದೊಂದಾಗಿ ಎಸೆದೆ. ಅವನಿಗೆ ಚೆಂಡು ಕಾಣುತ್ತಿತ್ತು. ಬಿದ್ದ ದಿಕ್ಕೂ ಸರಿಯಾಗಿ ಹೇಳುತ್ತಿದ್ದ. ಆದರೆ ಓಡಿ ಹೋದಾಗ ಚೆಂಡಿಗಿಂತ ಬಹಳ ಈಚೆಗೆ ನಿಂತು ಕಾಲಡಿ ಹುಡುಕುತ್ತಿದ್ದ, ಇಲ್ಲವೇ ದಾಟಿ ಹೋಗಿಬಿಡುತ್ತಿದ್ದ. ಕೊನೆಯ ಚೆಂಡನ್ನು ನಾನು ಅವನ ಕೈಗೇ ಮೆಲ್ಲಗೆ ಎಸೆದೆ. ಅವನು ಹಿಡಿಯಲು ಮುಷ್ಟಿ ಕಟ್ಟಿದಾಗ ಚೆಂಡು ಇನ್ನೂ ಗಾಳಿಯಲ್ಲಿತ್ತು. ಬಂದು ಅವನ ಎದೆಗೆ ತಾಗಿ ಕೆಳಗೆ ಬಿತ್ತು.

“ಸೆಕ್ರೆಟರಿ ಅಂದದ್ದು ಖರೆ ಐತಿ ಮಾಮಾ,” ಅಂದೆ. ಬೇರೆ ಯಾರಾದರೂ ಹೇಳಿದ್ದರೆ ಚಲೋ ಇತ್ತು. ಆದರೆ ಹೇಳುವವರು ಬೇರೆ ಯಾರೂ ಇರಲಿಲ್ಲ.

ಅವನು ಹಳ್ಳದ ದಂಡೆಯ ಮೇಲೆ ಕೂತು ಉಸುಕಿನಲ್ಲಿ ಬೆರಳಾಡಿಸುತ್ತಿದ್ದ. ಆಮೇಲೆ ಹೆಬ್ಬೆರಳಿನಿಂದ ಉಸುಕನ್ನು ಒತ್ತಿ ನೋಡಿದ. ಬಾಜೂಕ್ಕಿದ್ದ ಗಟ್ಟಿ ಮಣ್ಣನ್ನೂ ಒತ್ತಿ ನೋಡಿದ. ನಾನು ಅದನ್ನು ನೋಡುತ್ತ ನಿಂತಿದ್ದೆ. ದೂರದ್ದು ಅವನಿಗೆ ತಿಳಿಯುವುದಿಲ್ಲ, ಹೌದು. ಆದರೆ ಕಾಲಡಿಯ ನೆಲ ಎಂಥದ್ದು ಎಂದು ತಿಳಿಯಲು ಎರಡು ಕಣ್ಣೇನೂ ಬೇಕಿಲ್ಲ. ಚೀಲದ ಕೆಲಸವೆಲ್ಲ ಕೈಗೆ ಎಟುಕುವಷ್ಟು ದೂರದಲ್ಲೇ ನಡೆಯುತ್ತದೆ. ಅವನಿಗೆ ಆ ಕೆಲಸ ಸಿಗಬೇಕೆಂದರೆ ಯಾರಾದರೂ ಚೀಲ ಬಿಡಬೇಕು, ಮುಂದೆ ನಿಲ್ಲಲೂ ಯಾರಾದರೂ ಬೇಕು. ನನ್ನ ಉಬ್ಬಸಕ್ಕೆ ಓಡುವ ಕೆಲಸ ಒಳ್ಳೆಯದಲ್ಲ ಎಂದು ಗೊತ್ತಿತ್ತು. ಆ ಕಂದಿದ ಮಣ್ಣೂ ಕಣ್ಣ ಮುಂದೆ ಬಂತು.

ಪಂದ್ಯದ ಉಳಿದರ್ಧ ಹತ್ತಿರ ಬಂದಾಗ ಸಾಹೇಬರು ನನ್ನನ್ನು ಬಂಗಲೆಗೆ ಕರೆಸಿದರು. ಕೋಲುಗಳು ಜಮಖಾನೆಯ ಮೇಲಿದ್ದವು. ನಾನು ಹೋಗುವ ಮೊದಲೇ ಅವರು ಉದ್ದನೆಯ ಕಟ್ಟಿಗೆಯ ಕೋಲುಗಳಲ್ಲಿ ಒಂದನ್ನು ತೆಗೆದು ಗೋಡೆಗೆ ಆನಿಸಿದ್ದರು. ತೆಳು ಅಲಗಿನ ವೆಜ್ಜನ್ನು ತಾವೇ ಒರೆಸಿ, ದಪ್ಪ ತಳದ್ದರ ಬಾಜೂಕ್ಕೆ ಇಟ್ಟಿದ್ದರು.

“ಎರಡೂ ಇರಲಿ,” ಅಂದರು. “ದೂರ ಹೊಡ್ಯೂದು ಬ್ಯಾಡ ಇನ್ನ.”

ನಾನು ಚೀಲ ಎತ್ತಿಕೊಳ್ಳಲಿಲ್ಲ. ಅವರು ನನ್ನ ಮುಖ ನೋಡಿದರು. “ಯಾಕ? ಬರೂದಿಲ್ಲ ಏನ?”

“ಬರ್ತೇನ್ರಿ. ಆದರ ಚೀಲಾ ನಮ್ಮ ಮಾಮಾ ಹೊರಲಿ. ಮುಂದ ನಾ ನಿಂದರ್ತೇನಿ.”

“ನಿನಗ ಉಬ್ಬಸ ಐತಿ.”

“ಐತ್ರಿ. ಕಣ್ಣೂ ಎರಡ ಅದಾವ್ರಿ.”

ಇದನ್ನು ನಾನು ಚುಚ್ಚಲೆಂದು ಹೇಳಲಿಲ್ಲ. ಆದರೂ ಅವರಿಗೆ ತಾಗಿತು. ಎದ್ದು ಹೋಗಿ ಕಂಬ ಹಿಡಿದು ನದಿಯ ಕಡೆ ನೋಡುತ್ತ ನಿಂತರು. ಒಡ್ಡಿನ ಮೇಲಿಂದ ನೀರು ಬೀಳುವ ಸಪ್ಪಳ ಬರುತ್ತಿತ್ತು.

“ಅವಗ ಕೋಲು ತಿಳೀತಾವೇನು?”

“ಕಲಸ್ತೇನ್ರಿ.”

“ನನ್ನ ಮಗ್ಗಲಕ ನಿಂದರಾಕ ಅಂವ ಒಪ್ತಾನೇನು?”

ಕೇಳುತ್ತೇನೆ ಅಂದೆ. ಮನೆಗೆ ಹೋಗಿ ಕೇಳಿದಾಗ ಮಾಮಾ ಒಂದೇ ಮಾತು ಅಂದ: “ದಿನಾ ನನ್ನ ಈ ಮಾರಿ ನೋಡಬೇಕಲ್ಲ, ಅಂವಗ ಏನೂ ಅನಸೂದಿಲ್ಲೇನು?” ಆಮೇಲೆ ಚೀಲ ಎಷ್ಟು ಭಾರ ಐತಿ ಎಂದು ವಿಚಾರಿಸಿದ.

ಹಿತ್ತಲಲ್ಲಿ ಕಲಿಕೆ ನಡೆಯಿತು. ಎರಡು ವೆಜ್‌ಗಳನ್ನೂ ಅವನು ಮುಟ್ಟಿ ಗುರುತು ಮಾಡಿಕೊಂಡ. ತಳದ ಮೇಲೆ ಹೆಬ್ಬೆರಳು ಆಡಿಸಿದರೆ ದಪ್ಪದ್ದು ಉಬ್ಬಿರುತ್ತದೆ, ತೆಳುವಿನದು ಚಪ್ಪಟೆ. ಚೀಲದಲ್ಲಿ ಒಂದನ್ನು ಈ ಕಡೆ ಗೋಡೆಗೆ, ಒಂದನ್ನು ಆ ಕಡೆ ಗೋಡೆಗೆ ಇಡಿಸಿದೆ. ನೆಲವನ್ನು ಹಿಮ್ಮಡಿಯಿಂದ ಒಮ್ಮೆ ಬಡಿದು ನೋಡುವುದನ್ನು ಅವನೇ ಕಂಡುಕೊಂಡ. ಗಟ್ಟಿ ನೆಲ ಮೇಲಕ್ಕೆ ತಿರುಗಿ ಬಡಿಯುತ್ತದೆ, ಮೆತ್ತನೆಯದು ನುಂಗುತ್ತದೆ. ಮಳೆ ಬಿದ್ದ ಮೇಲೆ ಕರಿಮಣ್ಣಿನ ಕಡೆ ಏನು ಮಾಡಬೇಕು ಎಂದು ಕೇಳಿದ. ಅಲ್ಲಿ ದಪ್ಪ ತಳದ್ದೇ ನಡೆಯುತ್ತದೆ, ತೆಳುವಿನದು ಹೂತುಬಿಡುತ್ತದೆ ಅಂದೆ. ಸಾಹೇಬರು ನನಗೆ ಕಲಿಸಿದ್ದೆಲ್ಲ ಹೀಗೆ ಅವನ ಕೈ ಸೇರಿತು.

ಅಕ್ಕ ಇದನ್ನೆಲ್ಲ ಬಾಗಿಲಲ್ಲಿ ಕೂತು ಕಾಳು ಹಸನು ಮಾಡುತ್ತ ನೋಡುತ್ತಿದ್ದಳು. ಒಮ್ಮೆ ಮಾಮಾ ಒಳಗೆ ಹೋದಾಗ ಮೊರ ಕೆಳಗಿಟ್ಟು ಕೇಳಿದಳು: “ಮುಂದ ಯಾರ ನಿಂದರ್ತಾರ?”

“ನಾನ.”

ಅವಳು ಮೊರ ಎತ್ತಿಕೊಂಡು ಮತ್ತೆ ಕೇರಿದಳು. ಹೊಟ್ಟು ಹಾರಿಹೋದ ಮೇಲೂ ಕೇರುತ್ತಲೇ ಇದ್ದಳು.

ಮಾಮಾ ಆ ಚೀಲವನ್ನು ಮುಂದೆ ಯುದ್ಧ ಬಂದು, ಸಾಹೇಬರೆಲ್ಲ ಚದುರಿ ಬಯಲು ಮುಚ್ಚುವವರೆಗೂ ಹೊತ್ತ. ನಾನು ಹೇಳಬೇಕಾದದ್ದು ಮೊದಲನೆಯ ದಿನದ್ದು.

ನಾನು ಒಂದೊಂದು ನಿಶಾನೆಯ ಹಿಂದೆ ಓಡಿ ನಿಲ್ಲುತ್ತಿದ್ದೆ. ಉಸಿರು ಎದೆಯಲ್ಲಿ ಕೊಳಲಿನ ಹಾಗೆ ಊದುತ್ತಿತ್ತು. ಚೆಂಡು ಬರುವ ಕಡೆ ಎದೆ ತೋರಿಸಿ ನಿಲ್ಲುವುದು ಎಂಥದ್ದು ಎಂದು ಆ ದಿನ ಗೊತ್ತಾಯಿತು. ಚೀಲದ ಹತ್ತಿರ ನಿಂತಾಗ ಮುಂದಾಳು ಒಂದು ಗಿಡದ ಹಾಗೆ, ಕಲ್ಲಿನ ಹಾಗೆ ಕಾಣುತ್ತಾನೆ. ಅಲ್ಲಿ ನಿಂತವನಿಗೆ ಚೆಂಡು ಎಲ್ಲಕ್ಕಿಂತ ಮೊದಲು ತನ್ನ ಕಡೆಗೇ ಬರುತ್ತಿದೆ ಅನಿಸುತ್ತದೆ. ಆಮೇಲೆ ಅದು ಎತ್ತಲೋ ತಿರುಗುತ್ತದೆ.

ಹೊತ್ತು ಇಳಿಯುವ ಹೊತ್ತಿಗೆ ಸಾಹೇಬರ ಚೆಂಡು ಗಟ್ಟಿ ನೆಲದ ಮೇಲೆ ನಿಂತಿತು. ಬಿಸಿಲು ನನ್ನ ಕಣ್ಣಿಗಿತ್ತು. ಮೂರು ಕರಿಯ ಆಕಾರಗಳು ಮಾತ್ರ ಕಾಣುತ್ತಿದ್ದವು. ಸಾಹೇಬರು ಕೈ ಚಾಚಿದ್ದು ಕಂಡಿತು. ಮಾಮಾ ಚೀಲದಿಂದ ಒಂದು ಕೋಲು ಎಳೆದದ್ದೂ ಕಂಡಿತು. ಯಾವುದೆಂದು ಕಾಣಲಿಲ್ಲ. ಅವನು ಅದನ್ನು ಕೊಡಲಿಲ್ಲ. ಎದೆಗೆ ಅವುಚಿ ಹಿಡಿದು ನಿಂತ. ಸಾಹೇಬರ ಕೈ ಚಾಚಿದಂತೆಯೇ ಇತ್ತು. ದಂಡಿನ ಸಾಹೇಬ ಏನೋ ಕೂಗಿದ. ಯಾರೂ ಅಲುಗಲಿಲ್ಲ.

ಆಗ ಸಾಹೇಬರು ಚೆಂಡು ಬಿಟ್ಟು ತಲೆ ಎತ್ತಿ, ಹಣೆಗೆ ಕೈಯಿಟ್ಟು ನನ್ನ ಕಡೆ ನೋಡಿದರು. ಕೈ ಬೀಸಿ, ಬಾಜೂಕ್ಕೆ ಸರಿ ಎಂದು ಸನ್ನೆ ಮಾಡಿದರು. ಸರಿದೆ. ಮತ್ತೂ ಸರಿ ಅಂದರು. ಬೇವಿನ ಗಿಡದ ಮರೆಗೆ ಹೋಗಿ ನಿಂತೆ. ಆಮೇಲೆ ಮಾಮಾ ಕೋಲು ಕೊಟ್ಟ. ಚೆಂಡು ಮೇಲೆ ಎದ್ದಿತು, ಬಿಸಿಲಲ್ಲಿ ಒಮ್ಮೆ ಹೊಳೆದು ಇಳಿಯಿತು. ಬಿದ್ದ ಜಾಗಕ್ಕೆ ಓಡಿ ಸಿಳ್ಳೆ ಹಾಕಿದೆ. ನನ್ನ ಸಿಳ್ಳೆ ಅವನದರಷ್ಟು ಚಲೋ ಇರಲಿಲ್ಲ.

ಪಂದ್ಯ ಸೋತೆವು. ಸಾಹೇಬರು ಎದುರಾಳಿಯ ಕೈ ಕುಲುಕಿ ಮೋಟಾರು ಹತ್ತಿ ಹೋದರು. ನಾವಿಬ್ಬರೂ ಕೊಣ್ಣೂರಿನ ದಾರಿ ಹಿಡಿದೆವು.

“ಯಾವ ಕೋಲ ಕೊಟ್ಟಿ ಮಾಮಾ?”

“ತೆಳುವಿಂದು. ಅವರೂ ಅದನ್ನ ಕೇಳಿದ್ರು.”

“ಮತ್ತ ಯಾಕ ಹಿಡಕೊಂಡ ನಿಂತಿ?”

“ನೀ ಎಷ್ಟ ದೂರ ನಿಂತಿ ಅನ್ನೂದು ನನಗ ತಿಳೀಲಿಲ್ಲ. ಹತ್ರನೋ ದೂರನೋ ಎಲ್ಲಾ ಒಂದ ಕಂಡಿತು. ನೋಡಿ ಹೇಳ್ರಿ ಅಂದೆ. ಅವರು ಚೆಂಡ ನೋಡಿದ್ರು. ಚೆಂಡಲ್ರಿ, ಮನಶ್ಯಾನ್ನ ನೋಡ್ರಿ ಅಂದೆ. ನೋಡಿ ಹೇಳೂತನಾ ಕೋಲ ಕೊಡಲಿಲ್ಲ.”

“ಬೈದರೇನು?”

“ಇಲ್ಲ. ಕೈ ನಡಗತಿತ್ತು.”

“ಅವರದೋ, ನಿಂದೋ?”

ಮಾಮಾ ದಾರಿಯ ನೆಲವನ್ನು ಹಿಮ್ಮಡಿಯಿಂದ ಒಮ್ಮೆ ಬಡಿದ.

“ಇಬ್ಬರದೂ,” ಅಂದ.